ಯೂನಿವರ್ಸಿಟಿ ಮೆನ್ಸಾ (ಕ್ಯಾಂಟೀನ್) ಊಟ: ನಾಲ್ಕು ಸೆಮಿಸ್ಟರ್ ತಿಂದವನ ರಿವ್ಯೂ

ರುಚಿಗೆ 5ಕ್ಕೆ ಎರಡೂವರೆ. ರೇಟಿಗೆ 5ಕ್ಕೆ 5. ಉಪ್ಪು ಖಾರಕ್ಕೆ ಮಾರ್ಕ್ಸ್ ಕೊಡಲ್ಲ, ಅದು ಅವರ ಸಿಲಬಸ್ಸಲ್ಲೇ ಇಲ್ಲ.

ಅಕ್ಟೋಬರ್ ಬ್ಯಾಚಿಗೆ ಜರ್ಮನಿಗೆ ಮಾಸ್ಟರ್ಸ್ ಮಾಡಕ್ಕೆ ಬರ್ತಿರೋರು ಮೆಸೇಜ್ ಮಾಡಿದಾಗಲೆಲ್ಲ ಕೇಳೋದು ಒಂದೇ, ಕುಕ್ಕರ್ ತರಬೇಕಾ ಅಣ್ಣ, ಎಷ್ಟು ಲೀಟರ್ದು ತರಲಿ ಅಂತ. ತನ್ನಿ, 3 ಲೀಟರ್ದು ಸಾಕು, ಗ್ಯಾಸ್ಕೆಟ್ ಎರಡು ಎಕ್ಸ್‌ಟ್ರಾ ಇಟ್ಕೊಳಿ, ಇಲ್ಲಿ ಅದೇ ಸೈಜಿಂದು ಹುಡುಕೋದು ರಗಳೆ. ಆದ್ರೆ ಮಧ್ಯಾಹ್ನ ಊಟ ಎಲ್ಲಿ ಮಾಡೋದು ಅಂತ ಯಾರೂ ಕೇಳಲ್ಲ. ನಾನೂ ಕೇಳಿರ್ಲಿಲ್ಲ, ಅದಕ್ಕೇ ಮೊದಲ ಎರಡು ತಿಂಗಳು ಪೆದ್ದನ ಥರ ಕಳೆದೆ. ಹಂಗಾಗಿ ನಮ್ಮ ಮೆನ್ಸಾಗೆ ಒಂದು ರಿವ್ಯೂ. ಊರಿನ ಹೆಸರು ಹಾಕಲ್ಲ, ಬೈಯೋದೂ ಸ್ವಲ್ಪ ಇದೆ, ಸ್ಯಾಕ್ಸನಿ ರಾಜ್ಯದ ಒಂದು ಊರು ಅಂತ ಇಟ್ಕೊಳಿ.

ಮೆನ್ಸಾ ಅಂದ್ರೆ ಯೂನಿವರ್ಸಿಟಿ ಕ್ಯಾಂಟೀನು. ಲ್ಯಾಟಿನ್ನಲ್ಲಿ ಮೇಜು ಅಂತ ಅರ್ಥ ಅಂತೆ. ನಡೆಸೋದು ಯೂನಿವರ್ಸಿಟಿ ಅಲ್ಲ, ಷ್ಟುಡೀರೆಂಡನ್‌ವೆರ್ಕ್ ಅಂತ ಬೇರೆ ಸಂಸ್ಥೆ, ಹಾಸ್ಟೆಲ್ ರೂಮ್ ಕೊಡೋದೂ ಅವರೇ. ಸೆಮಿಸ್ಟರ್ ಫೀಸ್ ಕಟ್ತೀರಲ್ಲ, ಅದರಲ್ಲಿ ಒಂದು ಪಾಲು ಇವರಿಗೆ ಹೋಗುತ್ತೆ, ಜೊತೆಗೆ ರಾಜ್ಯ ಸರ್ಕಾರದ ದುಡ್ಡೂ ಸೇರುತ್ತೆ, ಅಂದ್ರೆ ನೀವು ಅಲ್ಲಿ ತಿಂದ್ರೂ ತಿನ್ನದಿದ್ರೂ ಬಿಲ್ಲಿನ ಒಂದು ಪಾಲು ಆಗಲೇ ಕೊಟ್ಟಾಗಿದೆ. ಅದಕ್ಕೇ ಬೋರ್ಡಲ್ಲಿ ಒಂದೇ ತಟ್ಟೆಗೆ ಮೂರು ರೇಟ್ ಇರುತ್ತೆ, ಸ್ಟೂಡೆಂಟ್‌ಗೆ ಒಂದು, ಸ್ಟಾಫಿಗೆ ಒಂದು, ಹೊರಗಿನೋರಿಗೆ ಒಂದು. ನಮ್ಮಲ್ಲಿ ಸ್ಟೂಡೆಂಟ್ ರೇಟು 2.80ರಿಂದ ಶುರುವಾಗಿ ನಾಲ್ಕು ಚಿಲ್ಲರೆ ಯೂರೋ ತನಕ. ಅದೇ ತಟ್ಟೆಗೆ ನನ್ನ ಪ್ರೊಫೆಸರ್ ನನಗಿಂತ ಜಾಸ್ತಿ ಕೊಡ್ತಾರೆ ಅನ್ನೋದು ಒಂಥರಾ ಖುಷಿ, ಸುಳ್ಳು ಯಾಕೆ ಹೇಳ್ಲಿ.

ಈಗ ನಾನು ಯಾಕೆ ಎರಡು ತಿಂಗಳು ಆ ಬಾಗಿಲು ಹತ್ರಾನೂ ಹೋಗ್ಲಿಲ್ಲ ಅಂತ ಹೇಳ್ಬಿಡ್ತೀನಿ, ಯಾಕಂದ್ರೆ ಇದೇ ತಪ್ಪು ನೀವೂ ಮಾಡ್ತೀರ. ಬಂದ ಹೊಸದ್ರಲ್ಲಿ ಒಬ್ಬ ಸೀನಿಯರ್, ನಮ್ಮ ಕಡೆಯೋನೇ, ಪಾಪ ಸ್ಟೇಷನ್ನಿಗೆ ಬಂದು ಸೂಟ್‌ಕೇಸ್ ಹೊತ್ಕೊಂಡು ಹೋದವನು, ಕ್ಯಾಂಪಸ್ ತೋರಿಸ್ತಾ ಮೆನ್ಸಾ ಮುಂದೆ ನಿಂತು "ಇಲ್ಲಿ ನಮಗೇನೂ ಸಿಗಲ್ಲ ಗುರು, ಬರೀ ಹಂದಿ ಮತ್ತೆ ಆಲೂಗಡ್ಡೆ" ಅಂದ. ಅಷ್ಟೇ ಸಾಕಾಯ್ತು. ನಾನು ಮೊಟ್ಟೆ ತಿಂತೀನಿ, ಮಾಂಸ ಇಲ್ಲ. ಆ ಬಿಲ್ಡಿಂಗ್ ನನ್ನದಲ್ಲ ಅಂತ ಅವತ್ತೇ ಡಿಸೈಡ್ ಮಾಡ್ಬಿಟ್ಟೆ.

ಇನ್ನೊಂದು ಕಾರಣ ಕಾರ್ಡು. ನಮ್ಮ ಮೆನ್ಸಾದಲ್ಲಿ ಆಗ ಕ್ಯಾಶ್ ತಗೊಳ್ತಿರ್ಲಿಲ್ಲ, ಸ್ಟೂಡೆಂಟ್ ಕಾರ್ಡಿಗೇ ದುಡ್ಡು ತುಂಬಿಸ್ಬೇಕು, ತುಂಬಿಸೋ ಮಷಿನ್ನು ಇಲ್ಲಿನ ಬ್ಯಾಂಕಿನ ಜಿರೋಕಾರ್ಡ್ ಅನ್ನೋ ಡೆಬಿಟ್ ಕಾರ್ಡ್ ಮಾತ್ರ ನುಂಗುತ್ತೆ, ನನ್ನತ್ರ ಇದ್ದಿದ್ದು ಊರಿಂದ ದುಡ್ಡು ತುಂಬಿಸ್ಕೊಂಡು ಬಂದ ಫಾರೆಕ್ಸ್ ಕಾರ್ಡು. ಜಿರೋಕಾರ್ಡ್ ಬೇಕಂದ್ರೆ ಬ್ಯಾಂಕ್ ಅಕೌಂಟ್, ನನ್ನ ಬ್ಯಾಂಕ್‌ನೋರು ಕೇಳಿದ್ದು ಅನ್‌ಮೆಲ್ಡುಂಗ್ ಕಾಗದ ಅಂದ್ರೆ ಊರಿನ ಆಫೀಸಲ್ಲಿ ವಿಳಾಸ ರಿಜಿಸ್ಟರ್ ಮಾಡಿಸಿದ ಚೀಟಿ, ಆ ಚೀಟಿಗೆ ಮನೆ ಕೊಟ್ಟೋರು ಸಹಿ ಹಾಕಿದ ಇನ್ನೊಂದು ಚೀಟಿ, ರೂಲ್ಸ್ ಪ್ರಕಾರ ಮನೆ ಸೇರಿದ ಎರಡು ವಾರದೊಳಗೆ ಮಾಡಿಸ್ಬೇಕು ಆದ್ರೆ ಅಪಾಯಿಂಟ್‌ಮೆಂಟ್ ಸಿಕ್ಕಿದ್ದೇ ಮೂರೂವರೆ ವಾರ ಆದ್ಮೇಲೆ, ಅದೂ ಆಗಿ ಅಕೌಂಟ್ ಓಪನ್ ಆದ್ರೆ ಕಾರ್ಡು ಒಂದು ಪೋಸ್ಟಲ್ಲಿ ಬಂತು, ಅದರ ಪಿನ್ನು ಇನ್ನೊಂದು ಪೋಸ್ಟಲ್ಲಿ. ಕಾರ್ಡ್ ಕೈಯಲ್ಲಿಟ್ಕೊಂಡು ಪಿನ್ನಿಗೆ ಒಂದು ವಾರ ಕಾದಿದ್ದೀನಿ ನಾನು. ಒಂದು ಆಲೂಗಡ್ಡೆ ತಿನ್ನಕ್ಕೆ ಇಷ್ಟು ಆಫೀಸ್ ಅಲೀಬೇಕಾ ಅನ್ನಿಸ್ತು.

ಅಲ್ಲಿ ತನಕ ನನ್ನ ಊಟದ ವ್ಯವಸ್ಥೆ ಏನಪ್ಪ ಅಂದ್ರೆ, ಬೆಳಗ್ಗೆ ಆರಕ್ಕೆ ಎದ್ದು ಅಮ್ಮ ಕೊಟ್ಟು ಕಳಿಸಿದ ಪುಳಿಯೋಗರೆ ಗೊಜ್ಜಲ್ಲಿ ಅನ್ನ ಕಲಸಿ ಡಬ್ಬಿಗೆ ಹಾಕ್ಕೊಳೋದು, ನಾನಿದ್ದ ಬಿಲ್ಡಿಂಗಲ್ಲಿ ಮೈಕ್ರೋವೇವ್ ಎಲ್ಲಿದೆ ಅಂತ ಗೊತ್ತಿಲ್ದೆ ಮಧ್ಯಾಹ್ನ ಅದನ್ನ ತಣ್ಣಗೇ ತಿನ್ನೋದು. ನವೆಂಬರ್ ಚಳೀಲಿ ಪುಳಿಯೋಗರೆ ಕಲ್ಲಾಗುತ್ತೆ ಗೊತ್ತಾ, ಸ್ಪೂನಲ್ಲಿ ಒಡೀಬೇಕು. ಇಲ್ಲಾಂದ್ರೆ ಕ್ಲಾಸ್ ಮುಗಿಸಿ ಟ್ರಾಮ್ ಹತ್ತಿ ರೂಮಿಗೆ ಬಂದು ಕುಕ್ಕರ್ ಇಟ್ಟು ತಿಂದು ವಾಪಸ್ ಓಡೋದು, ಒಂದೂವರೆ ಗಂಟೆ ಅದಕ್ಕೇ. ಈ ಓಡಾಟದಲ್ಲಿ ಕ್ಲಾಸಿನ ಒಬ್ಬರ ಹೆಸರೂ ನನಗೆ ಗೊತ್ತಿರ್ಲಿಲ್ಲ. ಮನೆಗೆ ಫೋನ್ ಮಾಡಿದ್ರೆ ಅಮ್ಮ ಕೇಳೋರು "ಅನ್ನ ತಿಂದ್ಯಾ ಮಗಾ", "ತಿಂದೆ ಕಣಮ್ಮ", "ಜೊತೆಗೆ ಯಾರಾದ್ರೂ ಇದ್ರಾ", "ಹ್ಞೂಂ ಇದ್ರು". ಯಾರೂ ಇರ್ಲಿಲ್ಲ.

ಡಿಸೆಂಬರ್ ಮೊದಲ ವಾರ ಪ್ರಾಜೆಕ್ಟ್ ಗ್ರೂಪಿನ ಮೂರು ಜನ 11:45ಕ್ಕೆ ಸರಿಯಾಗಿ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ತಿರುಗಿ "ಮೆನ್ಸಾ?" ಅಂದ್ರು. ಡಬ್ಬಿ ಇದೆ ಅಂದೆ. ಡಬ್ಬಿ ತಗೊಂಡೇ ಬಾ, ಅಲ್ಲಿ ಕೂತ್ಕೊಂಡು ತಿನ್ನು, ಯಾರೂ ಏನೂ ಅನ್ನಲ್ಲ ಅಂದ್ರು. ನಿಜವಾಗ್ಲೂ ಯಾರೂ ಏನೂ ಅನ್ನಲ್ಲ, ಇದನ್ನ ದಪ್ಪ ಅಕ್ಷರದಲ್ಲಿ ಓದ್ಕೊಳಿ, ಡಬ್ಬಿ ತಗೊಂಡು ಹೋಗಿ ಅಲ್ಲಿ ಕೂರಬಹುದು. ಅವತ್ತು ಪಕ್ಕದವನ ತಟ್ಟೇಲಿ ಏನಿತ್ತು ಅಂತ ನೋಡಿದೆ. ಅಕ್ಕಿ ಪಾಯಸ. ತಮಾಷೆ ಅಲ್ಲ, ಮಿಲ್ಷ್‌ರೈಸ್ ಅಂತ, ಹಾಲಲ್ಲಿ ಬೇಯಿಸಿದ ಅಕ್ಕಿ, ಮೇಲೆ ಸಕ್ಕರೆ, ಚಕ್ಕೆ ಪುಡಿ, ಚೆರ್ರಿ ಹಣ್ಣು, ಅದು ಇಲ್ಲಿ ಸ್ವೀಟಲ್ಲ, ಊಟ. ಆರಡಿ ಹುಡುಗ ಒಂದು ಬೋಗುಣಿ ಪಾಯಸ ತಿಂದು ಬಾಯಿ ಒರೆಸ್ಕೊಂಡು ಲ್ಯಾಬಿಗೆ ಹೋದ. ಬರೀ ಹಂದಿ ಮತ್ತೆ ಆಲೂಗಡ್ಡೆ ಅಂದವನು ಒಂದು ದಿನ ಆದ್ರೂ ಒಳಗೆ ಬಂದಿದ್ನಾ ಅಂತ ಡೌಟ್ ಬಂತು, ಆಮೇಲೆ ಕೇಳಿದ್ರೆ ಇಲ್ಲ, ಅವನ ಸೀನಿಯರ್ ಅವನಿಗೆ ಹೇಳಿದ್ದನಂತೆ.

ಮಾರನೇ ದಿನ ಕಾರ್ಡಿಗೆ 20 ಯೂರೋ ತುಂಬಿಸಿದೆ.

ಸರಿ, ಊಟದ ವಿಷಯ. ಮೊದಲು ಬೋರ್ಡ್ ಓದೋದು ಕಲೀರಿ. ಪ್ರತಿ ಐಟಂ ಪಕ್ಕ ಅಂಕಿ, ಅಕ್ಷರ, ಸಣ್ಣ ಚಿತ್ರ ಇರುತ್ತೆ, ನಮ್ಮಲ್ಲಿ ಹಂದಿ ಇದ್ರೆ ಹಂದಿ ಚಿತ್ರ, ದನದ್ದಾದ್ರೆ ದನ, ಅಡುಗೆಗೆ ವೈನ್ ಹಾಕಿದ್ರೆ ಅದಕ್ಕೂ ಒಂದು ಗುರುತು. ಅಂಕಿ ಅಕ್ಷರ ಎಲ್ಲ ಅಲರ್ಜಿಗೆ ಮತ್ತೆ ಬಣ್ಣ ಪ್ರಿಸರ್ವೇಟಿವ್ ವಿಷಯಕ್ಕೆ, ಯುರೋಪಲ್ಲಿ ಕಡ್ಡಾಯವಾಗಿ ಹೇಳ್ಬೇಕಾದ ಅಲರ್ಜಿ ಪದಾರ್ಥಗಳೇ 14 ಇವೆ. ನಮ್ಮೂರ ಹೋಟೆಲಲ್ಲಿ ಪಲ್ಯದಲ್ಲಿ ಏನಿದೆ ಅಂತ ಕೇಳಿದ್ರೆ ಸಪ್ಲೈಯರ್ ನಮ್ಮನ್ನೇ ಒಂಥರಾ ನೋಡ್ತಾನೆ, ಇಲ್ಲಿ ಸಾಸಿವೆ ಇದೆ ಅಂತಾನೂ ಬರೆದು ಹಾಕಿರ್ತಾರೆ. ಆದ್ರೆ ವೆಗೆಟಾರಿಷ್ ಅಂತ ಇದ್ರೆ ನಮ್ಮ ಅರ್ಥದ ವೆಜ್ ಅಂದ್ಕೋಬೇಡಿ, ಇಲ್ಲಿ ಮೊಟ್ಟೆ ವೆಜ್ಜೇ. ಮೊಟ್ಟೆನೂ ತಿನ್ನಲ್ಲ ಅನ್ನೋರು ವೆಗಾನ್ ಅನ್ನೋ ಪದ ಹುಡುಕಿ, ಹಾಲು ಮೊಸರೂ ಹೋಗುತ್ತೆ ನಿಜ, ಆದ್ರೆ ಕಣ್ಮುಚ್ಕೊಂಡು ತಿನ್ನಬಹುದು. ಇನ್ನೊಂದು ಷ್ಪೆಕ್. ಹುರಿದ ಆಲೂಗಡ್ಡೆ ಅಂತ ನಗ್‌ನಗ್ತಾ ಹಾಕಿಸ್ಕೊಂಡು ಬಂದು ಕೂತ್ರೆ ಈರುಳ್ಳಿ ಮಧ್ಯೆ ಗುಲಾಬಿ ಬಣ್ಣದ ಸಣ್ಣ ಸಣ್ಣ ಚೂರು ಇರುತ್ತೆ, ಅದು ಹಂದಿ ಕೊಬ್ಬು. ನನಗೆ ಎರಡನೇ ವಾರ ಆಗಿದ್ದು ಇದೇ. "ಓನೆ ಷ್ಪೆಕ್?" ಅಂತ ಕೇಳಕ್ಕೆ ಕಲೀರಿ, ಷ್ಪೆಕ್ ಇಲ್ದೆ ಅಂತ, ನನ್ನ ಜರ್ಮನ್‌ನಲ್ಲಿ ಇವತ್ತಿಗೂ ತಡವರಿಸದೆ ಬರೋ ವಾಕ್ಯ ಅದೊಂದೇ.

ಆಮೇಲೆ ಕೆಂಪು ಹಸಿರು ಜೆಲ್ಲಿ ಒಂದಿರುತ್ತೆ ಸ್ವೀಟ್ ಕೌಂಟರಲ್ಲಿ, ಗೋಟರ್‌ಷ್ಪೈಜೆ ಅಂತ ಹೆಸರು, ಅರ್ಥ ದೇವತೆಗಳ ಆಹಾರ. ಸಾಮಾನ್ಯವಾಗಿ ಜಿಲೆಟಿನ್ ಹಾಕಿರ್ತಾರೆ, ಅಂದ್ರೆ ಪ್ರಾಣಿ ಚರ್ಮ ಮೂಳೆಯಿಂದ ತೆಗೆದಿದ್ದು. ದೇವರ ನೈವೇದ್ಯ ಹಂದಿ ಚರ್ಮದಿಂದ. ಇದನ್ನ ಅಜ್ಜಿಗೆ ಹೇಳ್ಬೇಡ ಅಂತ ಅಪ್ಪ ಹೇಳಿದ್ದಾರೆ.

ಇನ್ನು ಕರಿ. ನಾನು ತಿಪಟೂರಿನವನು, ತೆಂಗಿನಕಾಯಿ ಅನ್ನೋದು ನಮಗೆ ತರಕಾರಿನೂ ಹೌದು ದುಡ್ಡೂ ಹೌದು. ಬೋರ್ಡಲ್ಲಿ ಮೊದಲ ಸಲ ತೆಂಗಿನ ಹಾಲಿನ ತರಕಾರಿ ಕರಿ ಅಂತ ನೋಡಿ ಕಣ್ಣಲ್ಲಿ ನೀರು ಬಂದಿತ್ತು, ತಟ್ಟೆಗೆ ಬಿದ್ಮೇಲೂ ಬಂತು, ಬೇರೆ ಕಾರಣಕ್ಕೆ. ಹಳದಿ ಬಣ್ಣ, ಸಿಹಿ, ಒಗ್ಗರಣೆ ಇಲ್ಲ, ಹಸಿಮೆಣಸಿನಕಾಯಿ ಕಡೆಯಿಂದ ಯಾರೂ ಮದುವೆಗೆ ಬಂದಿಲ್ಲ, ಮಧ್ಯದಲ್ಲಿ ಅನಾನಸ್ ತುಂಡು. ಕರಿ ಅನ್ನೋದು ಇವರಿಗೆ ಒಂದು ಬಣ್ಣ ಅಷ್ಟೇ ಅಂತ ಅವತ್ತು ಗೊತ್ತಾಯ್ತು. ಜೊತೆಗೆ ಕೊಡೋ ಅನ್ನ ಒಂದು ಬಟ್ಟಲಿಂದ ಬೋರಲು ಹಾಕಿದ ಗುಡ್ಡೆ, ಸೌಟಲ್ಲಿ ತಟ್ಟಿದ್ರೂ ಬೀಳಲ್ಲ. ನಾಲ್ಕು ಸೆಮಿಸ್ಟರಲ್ಲಿ ಹತ್ತು ಹನ್ನೆರಡು ಸಲ ಆಸೆ ಪಟ್ಟು ಅದೇ ತಪ್ಪು ಮಾಡಿದ್ದೀನಿ. ನನ್ನ ಸಲಹೆ ಕೇಳಿ, ಇಂಡಿಯಾ ಹೆಸರಿರೋದು ಯಾವುದೂ ಮುಟ್ಟಬೇಡಿ, ಅವರು ಅವರ ಅಜ್ಜಿ ಅಡುಗೆ ಮಾಡಿದ ದಿನ ಮಾತ್ರ ಹೋಗಿ.

ಅವರ ಅಜ್ಜಿ ಅಡುಗೆ ಚೆನ್ನಾಗಿರುತ್ತೆ. ಕಾರ್ಟೋಫೆಲ್‌ಪುಫರ್ ಅಂತ ತುರಿದ ಆಲೂಗಡ್ಡೆ ತಟ್ಟಿ ಎಣ್ಣೇಲಿ ಕರಿದಿದ್ದು, ಜೊತೆಗೆ ಸೇಬಿನ ಗೊಜ್ಜು, ಸೇಬು ಪಕ್ಕಕ್ಕಿಟ್ಟು ನಾನು ಡಬ್ಬಿಯಿಂದ ಚಟ್ನಿಪುಡಿ ಉದುರಿಸ್ಕೊಂಡು ತಿಂತೀನಿ, ಸಂಜೆ ಬೋಂಡಾ ನೆನಪಾಗುತ್ತೆ. ಬೇಳೆ ಹಾಕಿದ ಐನ್‌ಟಾಪ್ಫ್, ಒಂದೇ ಪಾತ್ರೆ ಅಡುಗೆ ಅಂತ, ಗಟ್ಟಿ ಸಾರು ಅನ್ಕೊಳಿ, ಸ್ವಲ್ಪ ವಿನೆಗರ್ ಹುಳಿ ಇರುತ್ತೆ, ಸಾಸೇಜ್ ಹಾಕಿಲ್ವಾ ಅಂತ ಮಾತ್ರ ಕೇಳಿ. ಏಪ್ರಿಲ್ ಮಧ್ಯದಿಂದ ಜೂನ್ 24ರ ತನಕ ಷ್ಪಾರ್ಗೆಲ್ ಅಂತ ಬಿಳಿ ಕಡ್ಡಿ ತರಕಾರಿ ಸೀಸನ್ನು, ಇಡೀ ದೇಶಕ್ಕೆ ಹುಚ್ಚು ಹಿಡಿಯುತ್ತೆ, ನಮಗೆ ಮಾವಿನಹಣ್ಣಿನ ಟೈಮಲ್ಲಿ ಹಿಡಿಯೋ ಥರ. ನನಗೆ ಅದು ನೀರಲ್ಲಿ ಬೆಂದ ನೀರು ಅನ್ನಿಸ್ತು, ಅವರ ಮುಂದೆ ಹೇಳ್ಲಿಲ್ಲ.

ಆದ್ರೆ ನನ್ನ ಫೇವರಿಟ್ ಬೇರೆ. ಈ ಕಡೆಯ ಹಳೇ ಬಡವರ ಊಟವಂತೆ, ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆ, ಪಕ್ಕದಲ್ಲಿ ಒಂದು ಸೌಟು ಕ್ವಾರ್ಕ್, ಮೇಲೆ ಈರುಳ್ಳಿ, ಆಮೇಲೆ ಹಳದಿ ಎಣ್ಣೆ ಒಂದು ಧಾರೆ. ಕ್ವಾರ್ಕ್ ಅಂದ್ರೆ ಮೊಸರನ್ನ ಬಟ್ಟೇಲಿ ಕಟ್ಟಿ ನೇತು ಹಾಕಿ ನೀರು ಇಳಿಸಿದ ಥರ. ಮೊದಲ ದಿನ ಆ ಎಣ್ಣೆ ವಾಸನೆ ಏನೋ ಗೊತ್ತಿರೋದು ಅನ್ನಿಸ್ತು ಆದ್ರೆ ಹೊಳೀಲಿಲ್ಲ. ಪಕ್ಕದಲ್ಲಿ ಹುಬ್ಬಳ್ಳಿ ಹುಡುಗ ಒಬ್ಬ ಕೂತಿದ್ದ, ನಮ್ಮ ಡಿಪಾರ್ಟ್‌ಮೆಂಟಲ್ಲ, ಟ್ರೇ ಇಡೋ ಜಾಗದಲ್ಲಿ ನಾನು ಫೋನಲ್ಲಿ ಕನ್ನಡ ಮಾತಾಡೋದು ಕೇಳಿ ಹಿಂದೆ ಬಂದವನು. ಒಂದು ತುತ್ತು ಬಾಯಿಗಿಟ್ಟು ಸುಮ್ಮನಾದ. ಆಮೇಲೆ "ಲೇ, ಇದು ಅಗಸಿ ಎಣ್ಣಿ ಐತಲೇ" ಅಂದ. ಬೋರ್ಡ್ ನೋಡಿದ್ರೆ ಹೌದು, ಲೈನ್‌ಅಯ್ಲ್, ಅಗಸೆ ಎಣ್ಣೆ. ಅವರ ಮನೇಲಿ ಅಗಸಿ ಹಿಂಡಿ, ಅಂದ್ರೆ ಅಗಸೆ ಚಟ್ನಿಪುಡಿ, ಇಲ್ದೆ ರೊಟ್ಟಿ ಇಳಿಯಲ್ವಂತೆ. ಮುಂದಿನ ಸಲ ಅವನು ಡಬ್ಬೀಲಿ ಹಿಂಡಿ ತಂದ, ನಾವಿಬ್ರೂ ಕ್ವಾರ್ಕ್ ಮೇಲೆ ಅದನ್ನ ಸುರಿದು ಕೈಯಲ್ಲೇ ಆಲೂಗಡ್ಡೆ ಸುಲಿದು ಕಲಸ್ಕೊಂಡು ತಿಂದ್ವಿ. ಎದುರುಗಡೆ ಕೂತಿದ್ದ ಜರ್ಮನ್ ಹುಡುಗಿ ಅದೇನು ಅಂತ ಕೇಳಿ ಚಿಟಿಕೆ ತಗೊಂಡು ನೀರು ಕುಡಿಯಕ್ಕೆ ಓಡಿದ್ಲು. ಈ ಐಟಂಗೆ 5ಕ್ಕೆ 5 ಕೊಟ್ಟೆ, ಹಿಂಡಿ ನಿಮ್ಮದು ನೀವು ತರಬೇಕು.

ನೀರು ಅಂದ್ರೆ ನೆನಪಾಯ್ತು, ಬಾಟಲ್ ತಗೋಬೇಡಿ, ಅದರಲ್ಲಿ ಅರ್ಧಕ್ಕರ್ಧ ಸೋಡಾ. ನಲ್ಲಿ ನೀರು ಕುಡಿಯಬಹುದು, ನಮ್ಮ ಮೆನ್ಸಾದಲ್ಲಿ ಮೂಲೇಲಿ ಫ್ರೀ ನಲ್ಲಿ ಇದೆ. ತಗೊಂಡ್ರೂ ಖಾಲಿ ಬಾಟಲ್ ಬಿಸಾಕಬೇಡಿ, ಒಂದು ಸಲ ಬಳಸೋ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಪ್ಫಾಂಡ್ ಅಂತ ಡೆಪಾಸಿಟ್ ಇರುತ್ತೆ, ಸೂಪರ್‌ಮಾರ್ಕೆಟ್ ಮಷಿನ್ನಿಗೆ ಹಾಕಿದ್ರೆ ವಾಪಸ್.

ದುಡ್ಡಿನ ಲೆಕ್ಕ ಬೇಗ ಹೇಳ್ತೀನಿ. ಈಗ ವೀಸಾಗೆ ಬ್ಲಾಕ್ಡ್ ಅಕೌಂಟಲ್ಲಿ, ಅಂದ್ರೆ ಮೊದಲೇ ದುಡ್ಡಿಟ್ಟು ತಿಂಗಳಿಗೆ ಇಷ್ಟೇ ಅಂತ ತೆಗೆಯೋ ಅಕೌಂಟಲ್ಲಿ, ವರ್ಷಕ್ಕೆ 11,904 ಯೂರೋ ತೋರಿಸ್ಬೇಕು, ತಿಂಗಳಿಗೆ ಕೈಗೆ ಬರೋದು 992. ನನಗೆ ರೂಮಿಗೆ 310, ಹೆಲ್ತ್ ಇನ್ಶೂರೆನ್ಸಿಗೆ ಹತ್ತತ್ರ 140, ಉಳಿದದ್ರಲ್ಲಿ ಎಲ್ಲ. ತಿಂಗಳಿಗೆ ಇಪ್ಪತ್ತು ದಿನ ಮೆನ್ಸಾ ಅಂದ್ರೆ 65 ಯೂರೋ ಆಸುಪಾಸು. ಹೊರಗಡೆ ಡೋನರ್ ಅನ್ನೋ ಟರ್ಕಿ ಕಡೆಯ ರೋಲ್ ಒಂದು ತಗೊಂಡ್ರೆ 7 ಯೂರೋ ಮೇಲೆ. ಮೊದಮೊದಲು 3 ಯೂರೋ ಅಂದ್ರೆ ಮುನ್ನೂರು ರೂಪಾಯಿ ಅಂತ ಮನಸ್ಸಲ್ಲೇ ಗುಣಿಸಿ, ತಿಪಟೂರಲ್ಲಿ ಮುನ್ನೂರಕ್ಕೆ ನಾಲ್ಕು ಜನ ಮಸಾಲೆ ದೋಸೆ ತಿನ್ನಬಹುದಿತ್ತು ಅಂತ ಹೊಟ್ಟೆ ಉರ್ಕೊಳ್ತಿದ್ದೆ. ಆ ಗುಣಾಕಾರ ನಿಲ್ಲಕ್ಕೆ ನನಗೆ ಐದು ತಿಂಗಳು ಬೇಕಾಯ್ತು.

ಈಗ ಬೈಗುಳ. 12:10ರಿಂದ 12:50ರ ತನಕ ಹೋಗ್ಬೇಡಿ, ಕ್ಯೂ ಮೆಟ್ಟಿಲು ಇಳಿದು ಸೈಕಲ್ ಸ್ಟ್ಯಾಂಡ್ ತನಕ ಬರುತ್ತೆ. ಒಂದೂವರೆ ಆದ್ರೆ ವೆಜ್ ಕೌಂಟರ್ ಖಾಲಿ, ಉಳಿಯೋದು ಮೀನು. ಎರಡು ಗಂಟೆಗೆ ಶಟರ್ ಎಳೀತಾರೆ, ಅಂದ್ರೆ ಎರಡು ಗಂಟೆಗೇ, 2:01ಕ್ಕೆ ಕೈಮುಗಿದ್ರೂ ಇಲ್ಲ. ರಾತ್ರಿ ಊಟ ಇಲ್ಲ, ಶನಿವಾರ ಭಾನುವಾರ ಇಲ್ಲ, ಭಾನುವಾರ ಸೂಪರ್‌ಮಾರ್ಕೆಟ್ಟೂ ಇಲ್ಲ ಅಂತ ನೆನಪಿಟ್ಕೊಳಿ. ಕ್ರಿಸ್ಮಸ್‌ಗೆ ಮುಚ್ಚಿದ್ರೆ ಹೊಸ ವರ್ಷ ಆಗ್ಬೇಕು, ನನ್ನ ಮೊದಲ ಡಿಸೆಂಬರಲ್ಲಿ ಇನ್ನೇನು ಅಭ್ಯಾಸ ಆಯ್ತು ಅನ್ನೋ ಹೊತ್ತಿಗೆ ಬಾಗಿಲು ಹಾಕಿಬಿಟ್ರು, ಮತ್ತೆ ಪುಳಿಯೋಗರೆ ಗೊಜ್ಜಿಗೆ ಶರಣಾದೆ. ಕೌಂಟರಲ್ಲಿರೋ ಒಂದಿಬ್ರಿಗೆ ಇಂಗ್ಲಿಷ್ ಬರಲ್ಲ, ಅದರಲ್ಲಿ ಒಬ್ಬರು ನಾವು ತಡವರಿಸಿದ್ರೆ "ಬಿಟ್ಟೆ?", ಅಂದ್ರೆ ಜರ್ಮನಲ್ಲಿ ಏನು ಹೇಳಿ, ಅಂತ ಗದರೋ ಥರ ಕೇಳ್ತಾರೆ, ಅದಕ್ಕೆ ಹೆದರಿ ನಾನು ಒಂದು ವಾರ ಪೂರ್ತಿ ಬೇಡದೇ ಇರೋ ಕೆಂಪು ಕೋಸಿನ ಪಲ್ಯ ಹಾಕಿಸ್ಕೊಂಡು ತಿಂದಿದ್ದೀನಿ. ಎರಡನೇ ಸೆಮಿಸ್ಟರಲ್ಲಿ ಅದೇ ಆಂಟಿ ನನ್ನ ಮುಖ ನೋಡಿದ ಕೂಡಲೇ "ಓನೆ ಷ್ಪೆಕ್" ಅಂತ ಅವರೇ ಹೇಳೋರು, ಸೌಟೂ ಬೇರೆ ತಗೊಳೋರು. ಗದರೋದು ನಿಲ್ಲಿಸ್ಲಿಲ್ಲ.

ಹೋಗ್ಲೇಬೇಕು ಅಂತ ನಾನು ಯಾಕೆ ಇಷ್ಟು ಹೇಳ್ತಿದ್ದೀನಿ ಅಂದ್ರೆ ಜನವರಿಯ ಒಂದು ಗುರುವಾರ. ಐದು ಜನ ಕೂತು ತಿಂತಿದ್ವಿ, ಒಬ್ಬಳು ಸುಮ್ನೆ ಮಾತಿಗೆ ಅಂತ ಎಕ್ಸಾಮಿಗೆಲ್ಲ ರಿಜಿಸ್ಟರ್ ಆಯ್ತಾ ಅಂದ್ಲು. ಏನ್ ರಿಜಿಸ್ಟರ್ ಅಂದೆ. ನಾನು ಅಂದ್ಕೊಂಡಿದ್ದು ಅಡ್ಮಿಷನ್ ಆಗಿದೆ, ಕ್ಲಾಸಿಗೆ ಹೋಗ್ತಿದ್ದೀನಿ, ಎಕ್ಸಾಮ್ ದಿನ ಹಾಲ್ ಟಿಕೆಟ್ ಕೊಡ್ತಾರೆ ಅಂತ. ಇಲ್ಲಿ ನಮ್ಮ ಕೋರ್ಸಲ್ಲಿ ಒಂದೊಂದು ಪೇಪರಿಗೂ ನಾವೇ ಪೋರ್ಟಲಲ್ಲಿ ಹೋಗಿ ಬೇರೆ ಬೇರೆ ರಿಜಿಸ್ಟರ್ ಮಾಡ್ಬೇಕು, ಕೊನೇ ದಿನ ದಾಟಿದ್ರೆ ಬರೆಯಂಗಿಲ್ಲ. ಕೊನೇ ದಿನ ಯಾವತ್ತು ಅಂದೆ. ಅವಳು ಫೋರ್ಕ್ ಕೆಳಗಿಟ್ಟು ನನ್ನ ಮುಖಾನೇ ನೋಡಿದ್ಲು. ಅವತ್ತೇ. ರಾತ್ರಿ 12ಕ್ಕೆ ಕ್ಲೋಸ್. ಅಲ್ಲೇ ಐನ್‌ಟಾಪ್ಫ್ ಪಕ್ಕ ಲ್ಯಾಪ್‌ಟಾಪ್ ತೆಗೆದು ನಾಲ್ಕು ಪೇಪರ್ ಕ್ಲಿಕ್ ಮಾಡ್ಸಿದ್ರು, ಜರ್ಮನಲ್ಲಿದ್ದ ಬಟನ್ನೆಲ್ಲ ಓದಿ ಹೇಳ್ತಾ. ಮೇಲ್ ಬಂದಿತ್ತು ಕಣ್ರೀ, ಮೂರು ವಾರ ಮುಂಚೆನೇ, ಜರ್ಮನಲ್ಲಿತ್ತು ಅಂತ ಆಮೇಲೆ ಓದೋಣ ಅಂತ ಬಿಟ್ಟಿದ್ದೆ. ಹಿವಿ ಕೆಲಸ, ಅಂದ್ರೆ ಪ್ರೊಫೆಸರ್ ಹತ್ರ ಸ್ಟೂಡೆಂಟ್ ಅಸಿಸ್ಟೆಂಟ್ ಆಗೋದು, ಅದೂ ನನಗೆ ಇದೇ ಟೇಬಲಲ್ಲೇ ಗೊತ್ತಾಗಿದ್ದು, ಹಳೇ ಕ್ವೆಶ್ಚನ್ ಪೇಪರ್ ಯಾರತ್ರ ಸಿಗುತ್ತೆ ಅನ್ನೋದೂ ಅಲ್ಲೇ, ಡಿಪಾರ್ಟ್‌ಮೆಂಟಲ್ಲಿ ಮೈಕ್ರೋವೇವ್ ಎರಡನೇ ಫ್ಲೋರಲ್ಲಿ ಇದೆ ಅನ್ನೋದೂ ಅಲ್ಲೇ.

ಕುಕ್ಕರ್ ಇವತ್ತಿಗೂ ದಿನಾ ರಾತ್ರಿ ಕೂಗುತ್ತೆ. ಹುಳಿ ಅನ್ನ ರಾತ್ರಿಗೆ, ಮಧ್ಯಾಹ್ನ ಅವರ ಆಲೂಗಡ್ಡೆ, ಹೊಟ್ಟೆ ಹಿಂಗೆ ಒಪ್ಪಂದಕ್ಕೆ ಬಂದಿದೆ.

ಥೀಸಿಸ್ ಕೊಟ್ಟಾಯ್ತು. ಸೆಪ್ಟೆಂಬರ್ 30ಕ್ಕೆ ಸೆಮಿಸ್ಟರ್ ಮುಗಿಯುತ್ತೆ, ಮಾರನೇ ದಿನದಿಂದ ನಾನೂ ಹೊರಗಿನೋನು, ಮೂರನೇ ರೇಟು. ಕಾರ್ಡಲ್ಲಿ 4.35 ಯೂರೋ ಉಳಿದಿದೆ. ಗುರುವಾರದ ಮೆನು ನೋಡಿದೆ, ಕ್ವಾರ್ಕ್ ಆಲೂಗಡ್ಡೆ 3.10. ಮಿಕ್ಕಿದ್ದು ಒಂದೂ ಕಾಲು ಯೂರೋ, ಪುಡಿಂಗಿಗೆ ಸರಿಹೋಗುತ್ತೆ. ಹುಬ್ಬಳ್ಳಿಯವನಿಗೆ ಹಿಂಡಿ ತಗೊಂಡು 11:45ಕ್ಕೆ ಬಾ ಅಂತ ಮೆಸೇಜ್ ಹಾಕಿದ್ದೀನಿ.